ಹೊಗೆಸೊಪ್ಪು, ವೆನಿಲ್ಲಾ, ಹೊಗೆ: ಒಂದು ಗಾಢ ಸೆಂಟಿನ ಒಳಗೆ ಏನಿದೆ?

ಹೊಗೆಸೊಪ್ಪು ಮತ್ತು ವೆನಿಲ್ಲಾ ಸೇರಿಸಿದ ಸೆಂಟು ಅಂದ ಕೂಡಲೇ ತುಂಬಾ ಜನ ಮುಖ ಸಿಂಡರಿಸುತ್ತಾರೆ. ಬೀಡಿ ಸೇದಿದ ಬಾಯಿ ಒಂದು ಕಡೆ, ಮದುವೆ ಮನೆಯ ಐಸ್‌ಕ್ರೀಮ್ ಇನ್ನೊಂದು ಕಡೆ. ಇವೆರಡೂ ಒಂದೇ ಬಾಟಲಿಯಲ್ಲಿ ಯಾಕೆ ಅನ್ನಿಸುವುದು ಸಹಜ. ಅದೇ ಸೆಂಟನ್ನು ಮಣಿಕಟ್ಟಿಗೆ ಹಾಕಿ, ಅರ್ಧ ಗಂಟೆ ಸುಮ್ನೆ ಬಿಟ್ಟು ಮೂಸಿ ನೋಡಿ. ಬೀಡಿ ಸಿಗುವುದಿಲ್ಲ, ಐಸ್‌ಕ್ರೀಮೂ ಸಿಗುವುದಿಲ್ಲ. ಒಣದ್ರಾಕ್ಷಿ, ಜೇನು, ಬಿಸಿಲಿಗೆ ಒಣಗಿದ ಹುಲ್ಲು, ಕೋಕೋ, ತಳದಲ್ಲಿ ಸಣ್ಣಗೆ ಹೊಗೆ ಸಿಗುತ್ತವೆ. ಗಾಢ, ಕಪ್ಪು, ಬೆಚ್ಚಗೆ ಅನ್ನುವ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ಅಂಗಡಿಗಳಲ್ಲಿ ಇದನ್ನು ವಿರುದ್ಧ ಗುಣಗಳ ಜೋಡಿ ಎಂದು ವಿವರಿಸುತ್ತಾರೆ. ಹೊಗೆಸೊಪ್ಪು ಒರಟು, ವೆನಿಲ್ಲಾ ಮೃದು, ಎರಡೂ ಸೇರಿ ಒಂದು ಬೆರಗು. ಈ ವಿವರಣೆ ನನಗೆ ಒಪ್ಪಿಗೆಯಿಲ್ಲ. ಹೊಗೆಸೊಪ್ಪು, ವೆನಿಲ್ಲಾ, ಹೊಗೆ ಈ ಮೂರೂ ಒಂದೇ ಮನೆಯ ಮಕ್ಕಳು. ಅವುಗಳ ಪರಿಮಳ ಹುಟ್ಟುವ ಬಗೆ ನೋಡಿದರೂ ಸರಿ, ಒಳಗಿರುವ ಅಣುಗಳನ್ನು ನೋಡಿದರೂ ಸರಿ, ನಂಟು ಎದ್ದು ಕಾಣುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ಬಗೆಯಲ್ಲಿ ಎಲ್ಲರಿಗಿಂತ ಹೆಸರು ಮಾಡಿದ್ದು ಟಾಮ್ ಫೋರ್ಡ್ ಕಂಪನಿಯ ಟೊಬ್ಯಾಕೊ ವನಿಲ್. 2007ರಲ್ಲಿ ಪ್ರೈವೇಟ್ ಬ್ಲೆಂಡ್ ಎಂಬ ಸಾಲಿನಲ್ಲಿ ಬಂದ ಸೆಂಟು ಅದು. ತಯಾರಿಸಿದವರು ಒಲಿವಿಯೆ ಜಿಲೊಟಿನ್. ಗಂಡಸರು ಚರ್ಮದ ಕುರ್ಚಿಗಳಲ್ಲಿ ಕೂತು ಪೈಪು ಸೇದುತ್ತಿದ್ದ ಲಂಡನ್ನಿನ ಹಳೆಯ ಜಂಟಲ್‌ಮನ್ ಕ್ಲಬ್‌ಗಳೇ ಇದಕ್ಕೆ ಸ್ಫೂರ್ತಿ ಎಂದು ಕಂಪನಿ ಹೇಳಿಕೊಂಡಿದೆ. ಹಾಕಿದ ಮೊದಲ ಕೆಲವು ನಿಮಿಷ ಮಸಾಲೆಯದೇ ಜೋರು. ಶುಂಠಿ, ಲವಂಗದ ಕಡೆಗೆ ವಾಲುವ ಒಂದು ಕಾವು ಅದು. ಆ ಕಾವಿನ ಅಡಿಯಲ್ಲೇ ಹೊಗೆಸೊಪ್ಪು ಇರುತ್ತದೆ, ಆದರೆ ಸುಟ್ಟದ್ದಲ್ಲ, ಒಣ ಎಲೆ. ಪೈಪಿನ ಹೊಗೆಸೊಪ್ಪಿನ ಡಬ್ಬಿ ತೆರೆದಾಗ ಬರುವ ಸಿಹಿ, ತೇವದ ವಾಸನೆ. ಮಸಾಲೆ ಇಳಿದ ಮೇಲೆ ವೆನಿಲ್ಲಾ, ಒಣಹುಲ್ಲು ಮತ್ತು ಬಾದಾಮಿಯ ವಾಸನೆಯ ಟೊಂಕಾ ಬೀಜ, ಕೋಕೋ ಮೂರೂ ಒಂದರೊಳಗೊಂದು ಕರಗಿ ದಪ್ಪ ಪದರವಾಗುತ್ತವೆ. ಕೊನೆಗೆ ಉಳಿಯುವುದು ಒಣಹಣ್ಣು ಮತ್ತು ಮರ. ಇದು ಗಂಟೆಗಟ್ಟಲೆ ಉಳಿಯುತ್ತದೆ. ಬಟ್ಟೆಗೆ ತಾಗಿದರೆ ಮಾರನೇ ದಿನವೂ ಇರುತ್ತದೆ.

ನನ್ನ ಮೂಗಿಗೆ ಟೊಬ್ಯಾಕೊ ವನಿಲ್‌ನಲ್ಲಿ ಹೊಗೆ ಕಡಿಮೆ, ಸಿಹಿ ಜಾಸ್ತಿ. ಹೊಗೆ ಮುಂದೆ ಬಂದು ನಿಲ್ಲಬೇಕು ಅನ್ನುವವರು ಮೇಝೋನ್ ಮಾರ್ಜೆಲಾ ಕಂಪನಿಯ ರೆಪ್ಲಿಕಾ ಸಾಲಿನ ಎರಡು ಸೆಂಟುಗಳನ್ನು ಪಕ್ಕಪಕ್ಕದಲ್ಲಿ ಮೂಸಬೇಕು. 2013ರ ಜಾಝ್ ಕ್ಲಬ್‌ನಲ್ಲಿ ರಮ್, ಹೊಗೆಸೊಪ್ಪು, ವೆನಿಲ್ಲಾ ಇವೆ. 2015ರ ಬೈ ದ ಫೈರ್‌ಪ್ಲೇಸ್‌ನ ಪರಿಮಳಗಳ ಪಟ್ಟಿಯಲ್ಲಿ ಹೊಗೆಸೊಪ್ಪೇ ಇಲ್ಲ. ಸುಟ್ಟ ಮರ, ಚೆಸ್ಟ್‌ನಟ್, ವೆನಿಲ್ಲಾ ಅದರಲ್ಲಿ ಮುಖ್ಯ. ಆದರೂ ಎರಡೂ ಅಕ್ಕಪಕ್ಕದ ಮನೆಯವರ ಹಾಗೆ ಗುರುತು ಸಿಗುತ್ತವೆ. ಹೊಗೆಸೊಪ್ಪು ತೆಗೆದು ಹೊಗೆ ಇಟ್ಟರೂ ಚಿತ್ರ ಹೆಚ್ಚು ಬದಲಾಗುವುದಿಲ್ಲ ಯಾಕೆ? ಇಲ್ಲಿಂದಲೇ ವಿಷಯ ಶುರುವಾಗುತ್ತದೆ.

ಮೊದಲು ಎಲೆ. ಹಸಿ ಹೊಗೆಸೊಪ್ಪಿಗೆ ಈ ಪರಿಮಳ ಯಾವುದೂ ಇಲ್ಲ. ಅಂಟಂಟು ಎಲೆ, ಕಟು ಹಸಿರು ವಾಸನೆ. ಪರಿಮಳ ಬರುವುದು ಹದ ಮಾಡಿದ ಮೇಲೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ಕಡೆ ಓಡಾಡಿದವರಿಗೆ ಹೊಗೆಸೊಪ್ಪಿನ ಬ್ಯಾರನ್‌ಗಳು ಗೊತ್ತಿರುತ್ತವೆ. ಎತ್ತರದ ಕೋಣೆ. ಒಳಗೆ ಎಲೆಗಳನ್ನು ಕೋಲಿಗೆ ಕಟ್ಟಿ ಸಾಲು ಸಾಲಾಗಿ ತೂಗುಹಾಕುತ್ತಾರೆ. ಹೊರಗಿನಿಂದ ಸೌದೆ ಉರಿಸುತ್ತಾರೆ. ಬಿಸಿಯು ಕಬ್ಬಿಣದ ಕೊಳವೆಗಳಲ್ಲಿ ಹರಿದು ಕೋಣೆಯನ್ನು ಕಾಯಿಸುತ್ತದೆ. ಮೊದಲು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನ ಹದ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಬಿಸಿ ಏರಿಸುತ್ತಾ ಹೋಗಿ, ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ದಪ್ಪ ನಡುದಂಟನ್ನು ಒಣಗಿಸುತ್ತಾರೆ. ಕೆಲವು ದಿನ ಹಗಲು ರಾತ್ರಿ ಬೆಂಕಿಯ ಮೇಲೆ ಕಣ್ಣಿಟ್ಟು ಮಾಡುವ ಕೆಲಸ. ಬಿಸಿ ಬೇಗ ಏರಿದರೆ ಎಲೆ ಹಸಿರಾಗಿಯೇ ಒಣಗುತ್ತದೆ. ತಡವಾದರೆ ಕಂದುಗಟ್ಟುತ್ತದೆ. ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ.

ಆ ಹಳದಿಯಾಗುವ ಹೊತ್ತಿನಲ್ಲೇ ಎಲ್ಲ ನಡೆಯುವುದು. ಕಿತ್ತ ಎಲೆ ತಕ್ಷಣ ಸಾಯುವುದಿಲ್ಲ. ಅದರೊಳಗಿನ ಕಿಣ್ವಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಎಲೆಯ ಹಸಿರು ಬಣ್ಣ ಕರಗಿ, ಅಡಿಯಲ್ಲಿದ್ದ ಹಳದಿ ಕೆರೊಟಿನಾಯ್ಡ್‌ಗಳು ಕಾಣುತ್ತವೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಗುಂಪಿನವೇ ಇವು. ಈ ಕೆರೊಟಿನಾಯ್ಡ್‌ಗಳೂ ಹದ ಮಾಡುವಾಗ, ಆಮೇಲೆ ತಿಂಗಳುಗಟ್ಟಲೆ ಇಟ್ಟು ಮಾಗಿಸುವಾಗ ನಿಧಾನವಾಗಿ ಒಡೆಯುತ್ತವೆ. ಅವುಗಳ ಚೂರುಗಳೇ ಪರಿಮಳ. ಒಂದು ಚೂರು ಐಯೊನೋನ್, ವಯೊಲೆಟ್ ಹೂವಿನ ವಾಸನೆಯದು. ಇನ್ನೊಂದು ಡಮಾಸ್ಕೆನೋನ್. ಇದು ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲೂ ಇದೆ. ಗುಲಾಬಿ ಮತ್ತು ಬೇಯಿಸಿದ ಹಣ್ಣಿನ ನಡುವಿನ ವಾಸನೆ ಇದರದು. ಒಳ್ಳೆಯ ಹೊಗೆಸೊಪ್ಪಿನಲ್ಲಿ ಒಣದ್ರಾಕ್ಷಿ ಮೂಸಿದ ಹಾಗೆ ಅನ್ನಿಸುವುದಕ್ಕೆ ಇಂಥ ಅಣುಗಳೇ ಕಾರಣ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಕೂಡಿ ಸುಟ್ಟ ಬ್ರೆಡ್ಡಿನ, ಕ್ಯಾರಮೆಲ್ಲಿನ ವಾಸನೆ ಕೊಡುತ್ತವೆ. ಜೇನಿನ ವಾಸನೆಗೆ ಫಿನೈಲ್ ಅಸಿಟಿಕ್ ಆಮ್ಲವಿದೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಬ್ಯಾರನ್‌ನಲ್ಲಿ ಸೌದೆಯ ಹೊಗೆ ಎಲೆಯನ್ನು ಮುಟ್ಟುವುದೇ ಇಲ್ಲ. ಕೊಳವೆಯೊಳಗೇ ಹೋಗಿ ಹೊರಗೆ ಬೀಳುತ್ತದೆ. ಅಂದರೆ ಹೀಗೆ ಹದ ಮಾಡುವ, ವರ್ಜೀನಿಯಾ ಎಂಬ ಬಗೆಯ ಹೊಗೆಸೊಪ್ಪಿನ ಪರಿಮಳದಲ್ಲಿ ಹೊಗೆ ಇಲ್ಲ. ಹೊಗೆ ವಾಸನೆಯ ಹೊಗೆಸೊಪ್ಪು ಬೇರೆಯೇ ಇದೆ. ಅಮೆರಿಕದ ಕೆಂಟಕಿಯಲ್ಲಿ ಎಲೆಗಳ ಕೆಳಗೇ ಬೆಂಕಿ ಹಾಕಿ ಹೊಗೆ ಕುಡಿಸುತ್ತಾರೆ. ಸಿರಿಯಾದಲ್ಲಿ ಹುಟ್ಟಿ ಸೈಪ್ರಸ್‌ಗೆ ಹೋದ ಲಟಾಕಿಯಾ ಎಂಬ ಬಗೆಯನ್ನು ಸುವಾಸನೆಯ ಕಟ್ಟಿಗೆಯ ಹೊಗೆಯಲ್ಲಿ ಕಪ್ಪಾಗುವವರೆಗೆ ಇಡುತ್ತಾರೆ. ಸೆಂಟಿನ ಬಾಟಲಿಯ ಮೇಲೆ ಹೊಗೆಸೊಪ್ಪು ಎಂದಷ್ಟೇ ಇದ್ದರೆ ಅದು ಹುಣಸೂರಿನ ಎಲೆಯ ಕಡೆಯದೋ, ಲಟಾಕಿಯಾದ ಕಡೆಯದೋ ಮೂಸಿಯೇ ತಿಳಿಯಬೇಕು. ಮೊದಲನೆಯದು ಹುಲ್ಲು ಮತ್ತು ಜೇನು. ಎರಡನೆಯದು ಚರ್ಮ ಮತ್ತು ಕೆಂಡ. ನಿಪ್ಪಾಣಿಯ ಬೀಡಿ ಹೊಗೆಸೊಪ್ಪು ಇವೆರಡೂ ಅಲ್ಲ. ಬಿಸಿಲಲ್ಲಿ ಒಣಗುವ ಆ ಎಲೆಯ ವಾಸನೆ ಖಾರ, ಮಣ್ಣು ಮಣ್ಣು. ಸೆಂಟಿನ ಲೋಕ ಅದರ ಕಡೆ ಅಷ್ಟಾಗಿ ನೋಡಿಲ್ಲ.

ಸೆಂಟಿಗೆ ಬಳಸುವಾಗ ಹದವಾದ ಎಲೆಯನ್ನು ದ್ರಾವಕದಲ್ಲಿ ನೆನೆಸಿ, ಸಾರ ತೆಗೆದು, ದ್ರಾವಕವನ್ನು ಆವಿ ಮಾಡುತ್ತಾರೆ. ಉಳಿಯುವುದು ಗಾಢ ಕಂದು ಬಣ್ಣದ ಮಂದ ದ್ರವ್ಯ. ಟೊಬ್ಯಾಕೊ ಅಬ್ಸಲ್ಯೂಟ್ ಎನ್ನುವುದು ಇದನ್ನೇ. ಸೆಂಟಿಗೆ ಹೋಗುವ ಸಾರದಿಂದ ಸಾಮಾನ್ಯವಾಗಿ ನಿಕೋಟಿನ್ ತೆಗೆದಿರುತ್ತಾರೆ. ಈ ಸಾರ ದುಬಾರಿ, ವಾಸನೆಯೂ ತುಂಬಾ ತೀಕ್ಷ್ಣ. ಹಾಗಾಗಿ ಇದನ್ನು ಸ್ವಲ್ಪವೇ ಹಾಕಿ, ಉಳಿದ ಚಿತ್ರವನ್ನು ಬೇರೆ ಅಣುಗಳಿಂದ ಕಟ್ಟುವುದು ರೂಢಿ.

ಹೊಗೆಸೊಪ್ಪಿನ ಪರಿಮಳವನ್ನು ಮೆಚ್ಚಿ ಬರೆಯುವಾಗ ಇನ್ನೊಂದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಇದೇ ಎಲೆ ಸೇದುವುದರಿಂದ, ಅಗಿಯುವುದರಿಂದ, ಬೇರೆಯವರು ಸೇದಿದ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಜಾಸ್ತಿ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಲದಲ್ಲಿ ಒದ್ದೆ ಎಲೆ ಕೀಳುವವರ ಚರ್ಮದ ಮೂಲಕವೇ ನಿಕೋಟಿನ್ ಒಳಗೆ ಹೋಗಿ ವಾಂತಿ, ತಲೆಸುತ್ತು ಬರುತ್ತದೆ. ಬ್ಯಾರನ್‌ಗಳಿಗೆ ಸೌದೆ ಬೇಕು, ಸೌದೆಗೆ ಮರ ಬೇಕು. ಕ್ಲಬ್ಬಿನ ಚರ್ಮದ ಕುರ್ಚಿಯ ಕತೆಯಲ್ಲಿ ಇದ್ಯಾವುದೂ ಬರುವುದಿಲ್ಲ. ಎಲೆಯನ್ನು ಸುಡದೆ, ಸೇದದೆ, ಅದರ ಪರಿಮಳವನ್ನಷ್ಟೇ ಉಳಿಸಿಕೊಳ್ಳುವ ದಾರಿ ಸೆಂಟು. ಆ ಕಾರಣಕ್ಕೂ ಇದು ನನಗೆ ಇಷ್ಟ.

ಇನ್ನು ವೆನಿಲ್ಲಾ. ಇಲ್ಲೂ ಅದೇ ಕತೆ. ಹಸಿ ಕೋಡಿಗೆ ಪರಿಮಳವಿಲ್ಲ! ಬಳ್ಳಿಯಿಂದ ಕಿತ್ತ ಹಸಿರು ಕೋಡು ಹುರುಳಿಕಾಯಿಯಷ್ಟೇ ಸಪ್ಪೆ. ವೆನಿಲಿನ್ ಎಂಬ ಮುಖ್ಯ ಅಣು ಒಳಗೆ ಇರುತ್ತದೆ, ಆದರೆ ಸಕ್ಕರೆಯ ಅಣುವೊಂದಕ್ಕೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿರುವವರೆಗೆ ಆವಿಯಾಗಿ ಮೂಗಿಗೆ ಬರುವುದಿಲ್ಲ. ಆ ಅಂಟು ಬಿಡಿಸಬೇಕು. ಸುಮಾರು 65 ಡಿಗ್ರಿಯ ಬಿಸಿನೀರಲ್ಲಿ ಕೋಡನ್ನು ಕೆಲವು ನಿಮಿಷ ಅದ್ದುತ್ತಾರೆ. ಕೋಡು ಅಲ್ಲಿಗೆ ಬೆಳೆಯುವುದು ನಿಲ್ಲುತ್ತದೆ. ಒಳಗಿನ ಪದರಗಳು ಒಡೆದು ಕಿಣ್ವ ಮತ್ತು ಸಕ್ಕರೆ ಕಟ್ಟಿದ ವೆನಿಲಿನ್ ಒಂದನ್ನೊಂದು ಮುಟ್ಟುತ್ತವೆ. ಆಮೇಲೆ ಕಂಬಳಿಯಲ್ಲಿ ಸುತ್ತಿ ಬೆವರಿಸುತ್ತಾರೆ, ಬಿಸಿಲಿಗೆ ಹಾಕುತ್ತಾರೆ, ನೆರಳಲ್ಲಿ ಒಣಗಿಸುತ್ತಾರೆ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಾಗಲು ಬಿಡುತ್ತಾರೆ. ಹಸಿರು ಕೋಡು ಕಪ್ಪಾಗುತ್ತದೆ, ಎಣ್ಣೆ ಹೊಳಪು ಬರುತ್ತದೆ. ಐದಾರು ಕೆಜಿ ಹಸಿ ಕೋಡಿಗೆ ಒಂದು ಕೆಜಿ ಹದವಾದ ಕೋಡು. ಅದರಲ್ಲಿ ವೆನಿಲಿನ್ ಸುಮಾರು ನೂರಕ್ಕೆ ಎರಡು ಪಾಲು.

ನಮ್ಮ ಮಲೆನಾಡಿಗೆ, ಕೊಡಗಿಗೆ, ದಕ್ಷಿಣ ಕನ್ನಡಕ್ಕೆ ಇದೆಲ್ಲ ಹೊಸತಲ್ಲ. 2000ನೇ ಇಸವಿಯ ಚಂಡಮಾರುತದಲ್ಲಿ ಮಡಗಾಸ್ಕರ್‌ನ ಬೆಳೆ ಹಾಳಾಯಿತು. ಮುಂದಿನ ವರ್ಷಗಳಲ್ಲಿ ಬೆಲೆ ಏರುತ್ತಾ ಹೋಗಿ 2003ರ ಹೊತ್ತಿಗೆ ಹದವಾದ ಕೋಡು ಜಾಗತಿಕ ಮಾರುಕಟ್ಟೆಯಲ್ಲಿ ಕೆಜಿಗೆ 500 ಡಾಲರ್ ಆಸುಪಾಸಿಗೆ ಮುಟ್ಟಿತು. ಅಡಿಕೆ ತೋಟಗಳಲ್ಲಿ ಬಳ್ಳಿ ಏರಿತು. ಬೆಳಗಾಗುತ್ತಲೇ ಹೂವು ಹೂವಿಗೂ ಹೋಗಿ ಕಡ್ಡಿಯಿಂದ ಪರಾಗ ಮುಟ್ಟಿಸುವುದನ್ನು ಮನೆಮಂದಿಯೆಲ್ಲ ಕಲಿತರು. ಕಳ್ಳರ ಭಯಕ್ಕೆ ರಾತ್ರಿ ತೋಟ ಕಾದರು. ಎರಡು ಮೂರು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಎಷ್ಟೋ ಜನ ಬಳ್ಳಿ ಕಿತ್ತು ಹಾಕಿದರು. ದೂರದ ಸೆಂಟಿನ, ಐಸ್‌ಕ್ರೀಮಿನ ಮಾರುಕಟ್ಟೆ ಎಂಥದು ಅನ್ನುವುದನ್ನು ಆ ಭಾಗದ ರೈತರು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಬಲ್ಲರು.

ಕೈಯಿಂದ ಪರಾಗ ಮುಟ್ಟಿಸುವ ಆ ಸುಲಭ ಕ್ರಮವನ್ನು ಜಗತ್ತಿಗೆ ಕೊಟ್ಟವನು ಒಬ್ಬ ಗುಲಾಮ ಹುಡುಗ. ಎಡ್ಮಂಡ್ ಆಲ್ಬಿಯಸ್. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ 1841ರಲ್ಲಿ ಇದನ್ನು ಕಂಡುಕೊಂಡಾಗ ಅವನಿಗೆ ಹನ್ನೆರಡು ವರ್ಷ. ಅಲ್ಲಿಯವರೆಗೆ ವೆನಿಲ್ಲಾ ಅದರ ತವರು ಮೆಕ್ಸಿಕೊದ ಹೊರಗೆ ಹೂ ಬಿಡುತ್ತಿತ್ತು, ಕಾಯಿ ಸರಿಯಾಗಿ ಕಚ್ಚುತ್ತಿರಲಿಲ್ಲ. ಅವನ ಕೈಚಳಕದ ಮೇಲೆ ಒಂದು ಇಡೀ ಉದ್ಯಮ ನಿಂತಿತು. ಅವನು ಮಾತ್ರ 1880ರಲ್ಲಿ ಬಡತನದಲ್ಲೇ ತೀರಿಕೊಂಡ.

ಹದವಾದ ಕೋಡಿನಲ್ಲಿ ವೆನಿಲಿನ್ ಒಂದೇ ಇರುವುದಿಲ್ಲ. ಇನ್ನೂರಕ್ಕೂ ಜಾಸ್ತಿ ಬೇರೆ ಅಣುಗಳಿವೆ. ಅವುಗಳಲ್ಲಿ ಗ್ವಾಯಕಾಲ್ ಒಂದು. ಪ್ರಮಾಣ ತೀರಾ ಕಡಿಮೆ. ಆದರೆ ಕೋಡಿನ ಪರಿಮಳಕ್ಕೆ ಆಳ ಕೊಡುವುದರಲ್ಲಿ ಅದರ ಪಾಲು ದೊಡ್ಡದು. ಈ ಗ್ವಾಯಕಾಲ್‌ನ ವಾಸನೆ ಏನು ಗೊತ್ತಾ? ಹೊಗೆ. ನಿಜವಾದ ವೆನಿಲ್ಲಾ ಕೋಡಿನೊಳಗೇ ಒಂದು ಎಳೆ ಹೊಗೆ ಇದೆ. ನಾವು ಐಸ್‌ಕ್ರೀಮಿನಲ್ಲಿ, ಕಸ್ಟರ್ಡ್ ಪುಡಿಯಲ್ಲಿ ತಿಂದು ಬೆಳೆದದ್ದು ಬಹುಪಾಲು ಬರೀ ವೆನಿಲಿನ್. ಅದಕ್ಕೇ ವೆನಿಲ್ಲಾ ಅಂದರೆ ಬಿಳಿ, ಸಿಹಿ, ಮಕ್ಕಳ ವಾಸನೆ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಗಾಢ ವೆನಿಲ್ಲಾ ಸೆಂಟು ಮೂಸಿದಾಗ ಇದು ವೆನಿಲ್ಲಾ ಹೌದಾ ಎಂದು ಅನುಮಾನ ಬರುವುದೂ ಅದಕ್ಕೇ.

ಈಗ ಗ್ವಾಯಕಾಲ್ ಮತ್ತು ವೆನಿಲಿನ್ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಎರಡಕ್ಕೂ ಒಂದೇ ಅಸ್ತಿಭಾರ. ಆರು ಇಂಗಾಲದ ಒಂದು ಉಂಗುರ, ಅದರ ಮೇಲೆ ಎರಡರಲ್ಲೂ ಅವೇ ಎರಡು ಕೊಂಬೆಗಳು. ಗ್ವಾಯಕಾಲ್ ಅಲ್ಲಿಗೇ ನಿಲ್ಲುತ್ತದೆ. ವೆನಿಲಿನ್‌ಗೆ ಇನ್ನೊಂದು ಪುಟ್ಟ ಕೊಂಬೆ ಜಾಸ್ತಿ. ಅದು ಆಲ್ಡಿಹೈಡ್ ಗುಂಪು. ವ್ಯತ್ಯಾಸ ಅಷ್ಟೇ. ಒಂದು ಕೊಂಬೆ ಇಲ್ಲದಿದ್ದರೆ ಹೊಗೆ, ಇದ್ದರೆ ವೆನಿಲ್ಲಾ. ಜರ್ಮನಿಯ ಕಾರ್ಲ್ ರೈಮರ್ 1876ರಲ್ಲೇ ಗ್ವಾಯಕಾಲ್‌ನಿಂದ ವೆನಿಲಿನ್ ತಯಾರಿಸಿ ತೋರಿಸಿದ. ಇವತ್ತು ಕಾರ್ಖಾನೆಗಳಲ್ಲಿ ತಯಾರಾಗುವ ವೆನಿಲಿನ್‌ನಲ್ಲಿ ಹೆಚ್ಚಿನದು ಗ್ವಾಯಕಾಲ್‌ನಿಂದಲೇ ಬರುತ್ತದೆ. ನಮ್ಮ ಐಸ್‌ಕ್ರೀಮಿನ ವಾಸನೆ ಒಂದು ಕಾಲಕ್ಕೆ ಹೊಗೆಯ ಅಣುವಾಗಿತ್ತು!

ಎರಡೂ ಪ್ರಕೃತಿಯಲ್ಲಿ ಒಟ್ಟಿಗೆ ಹುಟ್ಟುವ ಜಾಗವೂ ಇದೆ. ಅದೇ ಮರ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಮರದ ತೂಕದಲ್ಲಿ ಸುಮಾರು ಕಾಲು ಭಾಗ ಇರುತ್ತದೆ. ಕಟ್ಟಿಗೆ ಉರಿಯುವಾಗ ಈ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಹೊಗೆ ವಾಸನೆಯ ಅಣುಗಳು ಬರುತ್ತವೆ. ಜೊತೆಗೆ ಸ್ವಲ್ಪ ವೆನಿಲಿನ್ ಕೂಡ ಬರುತ್ತದೆ. ಸೌದೆ ಒಲೆಯ ಹೊಗೆ ತಣ್ಣಗಾದ ಮೇಲೆ ಬಟ್ಟೆಯಲ್ಲಿ ಉಳಿಯುವ ವಾಸನೆ ಸ್ವಲ್ಪ ಸಿಹಿ ಅನ್ನಿಸುತ್ತದೆ ಅಲ್ವಾ? ಸುಟ್ಟ ಓಕ್ ಪೀಪಾಯಿಯಲ್ಲಿ ಇಟ್ಟ ವಿಸ್ಕಿ, ರಮ್‌ಗಳಿಗೆ ವೆನಿಲ್ಲಾ ವಾಸನೆ ಬರುವುದೂ ಇದೇ ಲಿಗ್ನಿನ್‌ನಿಂದ. ನಾರ್ವೆಯ ಬೊರ್ಗಾರ್ಡ್ ಎಂಬ ಕಂಪನಿ ಸ್ಪ್ರೂಸ್ ಮರದ ಲಿಗ್ನಿನ್‌ನಿಂದ ಇಂದಿಗೂ ವೆನಿಲಿನ್ ತೆಗೆಯುತ್ತದೆ. ವೆನಿಲಿನ್ ಅನ್ನು ಮೊದಲ ಬಾರಿ ಪ್ರಯೋಗಾಲಯದಲ್ಲಿ ಮಾಡಿದ್ದೂ ಮರದಿಂದಲೇ. 1874ರಲ್ಲಿ ಫರ್ಡಿನಾಂಡ್ ಟೀಮನ್ ಮತ್ತು ವಿಲ್‌ಹೆಲ್ಮ್ ಹಾರ್‌ಮನ್ ಬಳಸಿದ್ದು ಶಂಕುಮರಗಳ ರಸದಲ್ಲಿ ಸಿಗುವ ಕೊನಿಫೆರಿನ್.

ಹಾಗಾದರೆ ಬೈ ದ ಫೈರ್‌ಪ್ಲೇಸ್‌ನಲ್ಲಿ ಸುಟ್ಟ ಮರದ ಪಕ್ಕ ವೆನಿಲ್ಲಾ ಅಷ್ಟು ಸಲೀಸಾಗಿ ಕೂರುವುದು ಯಾಕೆ ಎಂದು ಈಗ ಗೊತ್ತಾಗುತ್ತದೆ. ಬೆಂಕಿ ಮೊದಲೇ ಮಾಡಿಟ್ಟ ಜೋಡಿಯನ್ನು ಸೆಂಟು ದೊಡ್ಡದು ಮಾಡಿ ತೋರಿಸುತ್ತಿದೆ. ಬರೀ ಗ್ವಾಯಕಾಲ್ ಹಾಕಿದರೆ ಕೆಲಸ ನಡೆಯುವುದಿಲ್ಲ. ಅದು ಹಗುರ ಅಣು, ವೆನಿಲಿನ್‌ಗಿಂತ ಎಷ್ಟೋ ಬೇಗ ಹಾರಿಹೋಗುತ್ತದೆ. ಆಸ್ಪತ್ರೆಯ ಔಷಧಿ ವಾಸನೆಯ ಕಡೆಗೂ ವಾಲುತ್ತದೆ. ಅದಕ್ಕೆ ಭಾರವಾದ ಹೊಗೆ ವಸ್ತುಗಳನ್ನು ಬಳಸುತ್ತಾರೆ. ಬರ್ಚ್ ಮರದ ಟಾರು, ಜುನಿಪರ್ ಜಾತಿಯ ಮರದಿಂದ ತೆಗೆದ ಕೇಡ್ ಎಣ್ಣೆ, ದಕ್ಷಿಣ ಅಮೆರಿಕದ ಗ್ವಾಯಾಕ್ ಮರದ ಎಣ್ಣೆ. ನಮ್ಮ ದೇಶದಿಂದ ಹೋಗುವವೂ ಎರಡಿವೆ. ನಾಗರಮೋಥಾ ಗಡ್ಡೆಯ ಎಣ್ಣೆ ಒಂದು, ಸೆಂಟಿನವರು ಅದನ್ನು ಸಿಪ್ರಿಯಾಲ್ ಅನ್ನುತ್ತಾರೆ. ಇನ್ನೊಂದು ಲಾವಂಚ. ಮಡಕೆ ನೀರಿಗೆ ಹಾಕುವ ಅದೇ ಬೇರು. ನೀರಲ್ಲಿ ತಂಪಾಗಿ ಕಾಣುವ ಅದರ ಎಣ್ಣೆ ಗಟ್ಟಿಯಾದಾಗ ಮಣ್ಣು, ಹೊಗೆ ಎರಡೂ ಆಗುತ್ತದೆ.

ಹೊಗೆಸೊಪ್ಪಿನ ಎಲೆಗೂ ವೆನಿಲ್ಲಾಕ್ಕೂ ನಡುವೆ ಇನ್ನೊಂದು ಸೇತುವೆ ಇದೆ: ಕೂಮರಿನ್. ಟೊಂಕಾ ಬೀಜದ ಜೀವಾಳ ಇದು. ಒಣಹುಲ್ಲು, ಬಾದಾಮಿ, ವೆನಿಲ್ಲಾ ಮೂರೂ ಬೆರೆತ ವಾಸನೆ. ಒಣಗುವ ಹುಲ್ಲಿನಲ್ಲಿ ಹುಟ್ಟುವುದೂ ಇದೇ. ವಿಲಿಯಂ ಪರ್ಕಿನ್ 1868ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಮಾಡಿದ. ಅಮೆರಿಕದ ಆಗ್ನೇಯ ಭಾಗದಲ್ಲಿ ಕೂಮರಿನ್ ತುಂಬಿದ ಒಂದು ಕಾಡು ಗಿಡವಿದೆ. ಅದಕ್ಕೆ ಅಲ್ಲಿಯವರು ವೆನಿಲ್ಲಾ ಎಲೆ ಎಂದೇ ಹೆಸರಿಟ್ಟರು. ಅದನ್ನು ಒಣಗಿಸಿ ಹೊಗೆಸೊಪ್ಪಿಗೆ ಬೆರೆಸುವುದು ಅಲ್ಲಿ ಹಳೆಯ ರೂಢಿ. ಪೈಪಿನ ಹೊಗೆಸೊಪ್ಪಿಗೆ ವೆನಿಲ್ಲಾ, ರಮ್, ಟೊಂಕಾ ಪರಿಮಳ ಹಚ್ಚುವುದೂ ಹಾಗೆಯೇ ಬೆಳೆಯಿತು. ಹಾಗಾಗಿ ಯುರೋಪ್, ಅಮೆರಿಕದ ಮೂಗಿಗೆ ಹೊಗೆಸೊಪ್ಪು ಅಂದರೆ ವೆನಿಲ್ಲಾ ಜೊತೆಗೇ ಬರುತ್ತಿತ್ತು. ಅಜ್ಜನ ಪೈಪಿನ ಡಬ್ಬಿಯೇ ಅವರಿಗೆ ಈ ಜೋಡಿಯನ್ನು ಕಲಿಸಿತ್ತು.

ಸೆಂಟಿನ ಚರಿತ್ರೆಯಲ್ಲೂ ಈ ಅಣುಗಳು ಬೇಗ ಒಟ್ಟಿಗೆ ಬಂದವು. 1882ರಲ್ಲಿ ಹೂಬಿಗಾನ್ ಕಂಪನಿಯ ಫುಜೇರ್ ರುವಾಯಾಲ್ ಕೂಮರಿನ್ ಬಳಸಿತು. 1889ರಲ್ಲಿ ಗೆರ್ಲಾನ್ ಮನೆತನದ ಜಿಕಿ ಕೂಮರಿನ್ ಮತ್ತು ವೆನಿಲಿನ್ ಎರಡನ್ನೂ ಬಳಸಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಹೆಂಗಸರು ಬಹಿರಂಗವಾಗಿ ಸಿಗರೇಟು ಸೇದತೊಡಗಿದರು. ಆ ಹೊಸ ಗತ್ತಿಗೆ ತಕ್ಕ ಹಾಗೆ 1919ರಲ್ಲಿ ಕಾರೋನ್ ಕಂಪನಿಯ ಎರ್ನೆಸ್ಟ್ ಡಾಲ್ಟ್ರಾಫ್ ತಬಾಕ್ ಬ್ಲೋನ್ ಮಾಡಿದ. ಚರ್ಮ, ಹೊಗೆಸೊಪ್ಪು ಅದರ ತಿರುಳು. ನನಗೆ ಇನ್ನೂ ಹೆಚ್ಚು ಕುತೂಹಲ ಹುಟ್ಟಿಸುವುದು ಮೊಲಿನಾರ್ ಕಂಪನಿಯ ಹಬನೀಟಾ. 1921ರಲ್ಲಿ ಅದು ಶುರುವಾದದ್ದು ಮೈಗೆ ಹಚ್ಚುವ ಸೆಂಟಾಗಿ ಅಲ್ಲ, ಸಿಗರೇಟಿಗೆ ಹಚ್ಚುವ ದ್ರವವಾಗಿ. ವೆನಿಲ್ಲಾ, ಲಾವಂಚದಂಥ ವಾಸನೆಗಳು ಉರಿಯುವ ಎಲೆಯ ಜೊತೆ ಹೊಗೆಯಾಗಿ ಏಳಬೇಕಿತ್ತು. ಆಮೇಲೆ ಅದೇ ಮೈಗೆ ಹಚ್ಚುವ ಸೆಂಟಾಯಿತು. ಇಂದು ಗಾಢ ಹೊಗೆ ವೆನಿಲ್ಲಾ ಎಂದು ಮಾರುವ ಎಲ್ಲಕ್ಕೂ ಹಿರಿಯಳು ಹಬನೀಟಾ ಎಂದು ನಾನು ಎಣಿಸುತ್ತೇನೆ. 1925ರಲ್ಲಿ ಬಂದ ಗೆರ್ಲಾನ್‌ನ ಶಾಲಿಮಾರ್ ಸೆಂಟಿನಲ್ಲಿ ವೆನಿಲಿನ್‌ನ ಕೃತಕ ಸೋದರ ಈಥೈಲ್ ವೆನಿಲಿನ್ ಬಂತು. ಅದರ ಶಕ್ತಿ ವೆನಿಲಿನ್‌ಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ.

ಕಪ್ಪು ಅನ್ನುವ ಭಾವ ಎಲ್ಲಿಂದ ಬರುತ್ತದೆ? ವಾಸನೆಗೆ ಬಣ್ಣ ಇಲ್ಲವಲ್ಲ. ಒಂದು ಕಾರಣ ಅಣುಗಳ ತೂಕ. ನಿಂಬೆ, ಕಿತ್ತಳೆಯ ಅಣುಗಳು ಬೇಗ ಹಾರಿ ಮೂಗಿಗೆ ಚುರುಕಾಗಿ ತಾಗುತ್ತವೆ. ವೆನಿಲಿನ್, ಕೂಮರಿನ್, ಟಾರುಗಳು ನಿಧಾನ. ಅಂಚು ಕಾಣದೆ ಹರಡುತ್ತವೆ. ಇನ್ನೊಂದು ಕಾರಣ ನಮ್ಮ ಕಣ್ಣಿನ ಕಲಿಕೆ. ವೆನಿಲ್ಲಾ ಕೋಡು, ಹದವಾದ ಎಲೆ, ಕೋಕೋ, ಟಾರು ಎಲ್ಲ ಕಂದು, ಕಪ್ಪು. ಮೂಗು ಕಣ್ಣಿನ ಮಾತನ್ನು ತುಂಬಾ ಕೇಳುತ್ತದೆ. ಫ್ರಾನ್ಸಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಕ್ಷೇತ್ರದ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದರ ವಾಸನೆಯನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಹಾಗಾಗಿ ಗಾಢ ಕಂದು ಬಾಟಲಿಯನ್ನು ನೋಡುತ್ತಾ ಮೂಸುವವರಿಗೆ ಸೆಂಟು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಕಣ್ಣು ಮುಚ್ಚಿ ಮೂಸಿದರೆ ಸಿಹಿ ಮುಂದೆ ಬರುತ್ತದೆ. ಆ ಸಿಹಿಯೂ ನಾಲಿಗೆಯ ನೆನಪೇ. ಸಕ್ಕರೆಯ ಜೊತೆ ಮತ್ತೆ ಮತ್ತೆ ತಿಂದದ್ದರಿಂದ ವೆನಿಲ್ಲಾ ನಮಗೆ ಸಿಹಿ ವಾಸನೆಯಾಗಿದೆ.

ಕನ್ನಡದ ಮೂಗಿಗೆ ಈ ಜೋಡಿ ಪರದೇಶದ್ದು ಅನ್ನಿಸಬೇಕಾಗಿಲ್ಲ. ಎಣ್ಣೆ ಸ್ನಾನ ಮಾಡಿಸಿದ ಮಗುವಿನ ಕೂದಲಿಗೆ ಹಿಡಿಯುವ ಸಾಂಬ್ರಾಣಿ ಹೊಗೆಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಸಾಂಬ್ರಾಣಿ, ಅಂದರೆ ಲೋಬಾನ, ಬೆಂಜಾಯಿನ್ ಎಂಬ ಮರದ ರಾಳ. ಲಾವೋಸ್ ಕಡೆಯ ಬೆಂಜಾಯಿನ್‌ನಲ್ಲಿ ವೆನಿಲಿನ್ ಸಹಜವಾಗಿಯೇ ಇದೆ. ಅದು ಕೆಂಡದ ಮೇಲೆ ಬಿದ್ದಾಗ ಹೊಗೆ ಮತ್ತು ವೆನಿಲ್ಲಾ ಒಟ್ಟಿಗೆ ಏಳುತ್ತವೆ. ಸೆಂಟಿನವರು ವೆನಿಲ್ಲಾವನ್ನು ಹಿಡಿದು ನಿಲ್ಲಿಸಲು ಬಳಸುವುದೂ ಇದೇ ರಾಳವನ್ನು. ಬೆಳಗಿನ ಫಿಲ್ಟರ್ ಕಾಫಿಯ ಸುಟ್ಟ ಪರಿಮಳದಲ್ಲೂ ಗ್ವಾಯಕಾಲ್ ಇದೆ. ಕ್ಲಬ್ಬಿನ ಕುರ್ಚಿ ನಮಗೆ ಗೊತ್ತಿಲ್ಲದಿದ್ದರೇನು, ಕೆಂಡ ಮತ್ತು ರಾಳ ಗೊತ್ತು.

ಕಾಫಿ ಅಂದಾಗ ನೆನಪಾಯಿತು. ಸೆಂಟಿನ ಅಂಗಡಿಗಳಲ್ಲಿ ಮೂಗು ತಿಳಿಯಾಗಲಿ ಎಂದು ಕಾಫಿ ಬೀಜದ ಬಟ್ಟಲು ಇಟ್ಟಿರುತ್ತಾರೆ. ಹೊಗೆ ಸೆಂಟು ಮೂಸುವಾಗ ಅದನ್ನು ಮುಟ್ಟಬೇಡಿ. ಹುರಿದ ಕಾಫಿಯೂ ಹೊಗೆಯ ಅಣುಗಳನ್ನೇ ಮೂಗಿಗೆ ತುಂಬುತ್ತದೆ. ಹೊರಗೆ ಹೋಗಿ ಎರಡು ನಿಮಿಷ ಗಾಳಿ ತೆಗೆದುಕೊಂಡರೆ ಸಾಕು. ಕಾಗದದ ಪಟ್ಟಿಯ ಮೇಲೆ ಮೂಸಿ ಅಲ್ಲೇ ಕೊಳ್ಳುವುದೂ ಬೇಡ. ಮೊದಲ ಐದು ನಿಮಿಷದ ಮಸಾಲೆಗೂ ಮೂರು ಗಂಟೆಯ ನಂತರದ ವೆನಿಲ್ಲಾಕ್ಕೂ ತುಂಬಾ ದೂರ. ಮೈಮೇಲೆ ಹಾಕಿಕೊಂಡು ಮನೆಗೆ ಹೋಗಿ.

ಬಿಸಿ ಜಾಸ್ತಿಯಾದಷ್ಟೂ ಅಣುಗಳು ಜೋರಾಗಿ ಹಾರುತ್ತವೆ. ಮಡಿಕೇರಿಯ ಮಳೆಯಲ್ಲಿ, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಹಿತವಾಗಿರುವ ಸೆಂಟು, ಮಂಗಳೂರಿನ ಏಪ್ರಿಲ್‌ನಲ್ಲಿ ಪಕ್ಕದವರ ತಲೆ ನೋಯಿಸಬಹುದು. ಇಂಥ ಸೆಂಟಿಗೆ ಒಂದೇ ಸಲ ಒತ್ತಿದರೆ ಸಾಕು, ಅದೂ ಬಟ್ಟೆಯ ಒಳಗೆ. ನಮ್ಮ ಮೂಗು ಸ್ವಲ್ಪ ಹೊತ್ತಿಗೆ ಅದಕ್ಕೆ ಒಗ್ಗಿಹೋಗಿ ವಾಸನೆ ಮಾಯವಾಯಿತು ಅನ್ನಿಸುತ್ತದೆ. ಪಕ್ಕದಲ್ಲಿ ಕೂತವರಿಗೆ ಹಾಗಾಗುವುದಿಲ್ಲ. ಆಸ್ತಮಾ ಇರುವವರ ಜೊತೆ ಎಸಿ ಕೋಣೆಯಲ್ಲಿ ಕೂರುವ ದಿನ ಹಾಕದೇ ಇರುವುದು ಒಳ್ಳೆಯದು. ಚರ್ಮ ಸೂಕ್ಷ್ಮವಾಗಿದ್ದರೆ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಕೂಮರಿನ್ ಇದೆಯಾ ನೋಡಿ. ಅಲರ್ಜಿ ತರಬಹುದಾದ ವಸ್ತು ಎಂದು ಅದರ ಹೆಸರು ಮುದ್ರಿಸುವುದನ್ನು ಯುರೋಪಿನಲ್ಲಿ ಕಡ್ಡಾಯ ಮಾಡಿದ್ದಾರೆ. ಬಿಳಿ ಅಂಗಿಯ ಮೇಲೆ ಮಾತ್ರ ಹಾಕಬೇಡಿ. ವೆನಿಲಿನ್ ಗಾಳಿ, ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕಲೆ ಉಳಿಯುತ್ತದೆ. ಬಾಟಲಿಯೊಳಗಿನ ಸೆಂಟು ವರ್ಷ ಕಳೆದಂತೆ ಕಪ್ಪಾಗುವುದೂ ಇದರಿಂದಲೇ. ಅದು ಕೆಟ್ಟಿದೆ ಎಂದು ಅರ್ಥವಲ್ಲ.

ದುಬಾರಿ ಬಾಟಲಿಗೆ ಹಣ ಹಾಕುವ ಮೊದಲು ಮಲೆನಾಡಿನ ಯಾವುದಾದರೂ ಬೆಳೆಗಾರರಿಂದ ಹದವಾದ ಒಂದೇ ಒಂದು ವೆನಿಲ್ಲಾ ಕೋಡು ತರಿಸಿ. ಉದ್ದಕ್ಕೆ ಸೀಳಿ ತಟ್ಟೆಯಲ್ಲಿಡಿ. ಪಕ್ಕದಲ್ಲಿ ಒಂದು ಚಮಚ ಕಸ್ಟರ್ಡ್ ಪುಡಿ ಇಡಿ. ಮೊದಲು ಪುಡಿ ಮೂಸಿ, ಆಮೇಲೆ ಕೋಡು. ಪುಡಿಯಲ್ಲಿ ಸಿಹಿ ಒಂದೇ ಗೆರೆಯಾಗಿ ಬರುತ್ತದೆ. ಕೋಡಿನಲ್ಲಿ ಆ ಸಿಹಿಯ ಹಿಂದೆ ಚರ್ಮ, ಒಣಹಣ್ಣು, ಮರ, ಆಮೇಲೆ ತೆಳ್ಳಗೆ ಹೊಗೆ ಸಿಗಬೇಕು. ಆ ಹೊಗೆಯನ್ನು ಒಮ್ಮೆ ಗುರುತಿಸಿದರೆ ಟೊಬ್ಯಾಕೊ ವನಿಲ್‌ನಲ್ಲೂ, ಜಾಝ್ ಕ್ಲಬ್‌ನಲ್ಲೂ ಅದನ್ನು ಹುಡುಕುವುದು ಕಷ್ಟವಾಗುವುದಿಲ್ಲ.